ಬ್ರೈನ್ ಹೆಮರೇಜ್ ಜೊತೆಗೆ ಶುಗರ್ ಕೂಡ ಇದ್ದರೆ: ಡಿಸ್ಚಾರ್ಜ್ ಆದಮೇಲೆ ರೀಹ್ಯಾಬ್ ಸೆಂಟರಾ, ಮನೆಯಾ, ಸರ್ಕಾರಿ ಆಸ್ಪತ್ರೆಯಾ?

"ನಾಳೆ ಬೆಳಿಗ್ಗೆ ಡಿಸ್ಚಾರ್ಜ್" ಅಂತ ಡಾಕ್ಟರ್ ಹೇಳಿದ ದಿನವೇ ಮನೆಯವರಿಗೆ ನಿಜವಾದ ಗಾಬರಿ ಶುರುವಾಗುತ್ತದೆ. ಐಸಿಯುನಲ್ಲಿ ಇದ್ದಷ್ಟು ದಿನ ಎಲ್ಲಾ ನಿರ್ಧಾರ ಡಾಕ್ಟರ್‌ಗಳದ್ದೇ ಆಗಿತ್ತು. ಈಗ ಅಪ್ಪನ ಬಲಗೈ, ಬಲಗಾಲು ಆಡುತ್ತಿಲ್ಲ. ಮಾತು ಹೊರಡುತ್ತಿಲ್ಲ. ಮೂಗಿನಲ್ಲಿ ಟ್ಯೂಬ್ ಇದೆ. ಜೊತೆಗೆ ಎಷ್ಟೋ ವರ್ಷದ ಶುಗರ್ ಬೇರೆ. ಒಬ್ಬರು ರೀಹ್ಯಾಬ್ ಸೆಂಟರ್‌ಗೆ ಸೇರಿಸಿ ಅಂತಾರೆ, ಇನ್ನೊಬ್ಬರು ಸುಮ್ನೆ ದುಡ್ಡು ದಂಡ, ಮನೆಗೇ ಫಿಸಿಯೋ ಕರೆಸಿ ಅಂತಾರೆ, ಅಷ್ಟರಲ್ಲಿ ಊರಿಂದ ಚಿಕ್ಕಮ್ಮ ಫೋನ್ ಮಾಡಿ ಲಕ್ವಕ್ಕೆ ಔಷಧಿ ಕೊಡುವವರ ವಿಳಾಸ ಹೇಳುತ್ತಾರೆ.

ಈ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದೀರಿ. ಅಮೆರಿಕದಲ್ಲೋ ದುಬೈಯಲ್ಲೋ ಕೂತು ವಿಡಿಯೋ ಕಾಲ್‌ನಲ್ಲೇ ನಿರ್ಧಾರ ಮಾಡಬೇಕಾದ ಮಕ್ಕಳೂ ಕೇಳುತ್ತಿದ್ದೀರಿ. ಹಾಗಾಗಿ ಒಂದೇ ಕಡೆ ಬರೆದುಬಿಡೋಣ ಅಂತ. ಇಲ್ಲಿ ಹೇಳುತ್ತಿರುವುದು ಮೆದುಳಿನ ಒಳಗೇ ರಕ್ತನಾಳ ಒಡೆದು ಆಗುವ ಬ್ಲೀಡಿಂಗ್ ಬಗ್ಗೆ. ಬಿದ್ದು ತಲೆಗೆ ಪೆಟ್ಟಾಗಿ ಆಗುವುದರ ಲೆಕ್ಕ ಬೇರೆ, ಅದನ್ನು ಇಲ್ಲಿ ಸೇರಿಸಿಲ್ಲ.

ಆಯ್ಕೆಗೆ ಮುಂಚೆ ತಿಳಿದಿರಬೇಕಾದ್ದು

ಮೊದಲನೆಯದು, ಟೈಮ್. ರಕ್ತನಾಳ ಕಟ್ಟಿಕೊಂಡು ಆಗುವ ಸ್ಟ್ರೋಕ್‌ಗೂ ಬ್ಲೀಡಿಂಗ್‌ಗೂ ಚೇತರಿಕೆಯ ದಾರಿ ಒಂದೇ ಅಲ್ಲ. ಇಲ್ಲಿ ಸೋರಿದ ರಕ್ತ ಕರಗಬೇಕು, ಸುತ್ತಲಿನ ಬಾವು ಇಳಿಯಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಮೊದಲ ತಿಂಗಳು ಏನೂ ಆಗ್ತಿಲ್ಲ ಅನಿಸಿದವರು ಆಮೇಲೆ ಎದ್ದು ಕೂತಿದ್ದಾರೆ. ಬ್ರೈನ್ ಹೆಮರೇಜ್ ಚಿಕಿತ್ಸೆಯನ್ನು ಪರೀಕ್ಷಿಸಿದ ಮಿಸ್ಟಿ-3, ಕ್ಲಿಯರ್-3 ಅನ್ನುವ ಎರಡು ದೊಡ್ಡ ಟ್ರಯಲ್‌ಗಳ ರೋಗಿಗಳನ್ನು ಒಂದು ವರ್ಷದವರೆಗೆ ಗಮನಿಸಿದ ವಿಶ್ಲೇಷಣೆ 2022ರಲ್ಲಿ ಪ್ರಕಟವಾಯಿತು. 30ನೇ ದಿನ ಹಾಸಿಗೆ ಹಿಡಿದಿದ್ದ, ಅಥವಾ ಇನ್ನೊಬ್ಬರ ಆಸರೆ ಇಲ್ಲದೆ ನಡೆಯಲಾಗದಿದ್ದವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ವರ್ಷ ತುಂಬುವ ಹೊತ್ತಿಗೆ ತಾವೇ ನಡೆಯುವ ಮಟ್ಟಕ್ಕೆ ಬಂದಿದ್ದರು. ಟ್ರಯಲ್‌ನಲ್ಲಿ ಇದ್ದವರಿಗೆ ಆರೈಕೆ ಚೆನ್ನಾಗಿರುತ್ತದೆ ನಿಜ, ನಮ್ಮ ಮನೆಯ ಲೆಕ್ಕ ಅಷ್ಟೇ ಇರಲಿಕ್ಕಿಲ್ಲ. ಆದರೂ ಮೊದಲ ತಿಂಗಳ ಸ್ಥಿತಿ ನೋಡಿ "ಇನ್ನು ಇಷ್ಟೇ" ಅಂತ ಕೈ ಬಿಡುವುದು ತಪ್ಪು ಅನ್ನೋದಕ್ಕೆ ಇದು ಸಾಕು. ಅದಕ್ಕಿಂತ ಮುಖ್ಯ, ಇದ್ದಬದ್ದ ದುಡ್ಡನ್ನೆಲ್ಲ ಮೊದಲ ತಿಂಗಳಲ್ಲೇ ಸುರಿಯುವುದೂ ತಪ್ಪು. ಈ ಇಡೀ ಬರಹದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ: ಬಜೆಟ್ಟನ್ನು ಒಂದು ವರ್ಷಕ್ಕೆ ಹಂಚಿಕೊಳ್ಳಿ.

ಎರಡನೆಯದು ಶುಗರ್. ಬ್ಲೀಡಿಂಗ್‌ಗೆ ದೊಡ್ಡ ಕಾರಣ ಬಿಪಿ, ಶುಗರ್ ಅಲ್ಲ. ಆದರೆ ಆಮೇಲಿನ ಚೇತರಿಕೆಗೆ ದಿನಾ ಅಡ್ಡಗಾಲು ಹಾಕುವುದು ಶುಗರ್. ಗಾಯ ಬೇಗ ಮಾಯಲ್ಲ, ಬೆನ್ನಿನ ಹುಣ್ಣು ಬೇಗ ಆಗುತ್ತೆ, ಕ್ಯಾಥೆಟರ್ ಇದ್ದರೆ ಮೂತ್ರದ ಸೋಂಕು ಸುಲಭ. ಪಾದದ ಸ್ಪರ್ಶ ಮೊದಲೇ ಹೋಗಿದ್ದರೆ ನಿಲ್ಲುವ ಬ್ಯಾಲೆನ್ಸ್ ಎರಡು ಪಟ್ಟು ಕಷ್ಟ. ಇದು ಎಲ್ಲೋ ಒಬ್ಬಿಬ್ಬರ ಕಥೆ ಅಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ಬಿಪಿ ಇರುವವರು ಶೇ 35.5. ಎರಡೂ ಒಂದೇ ಮನೆಯಲ್ಲಿ, ಒಂದೇ ಮೈಯಲ್ಲಿ ಸೇರುವುದು ಮಾಮೂಲು.

ಆಸ್ಪತ್ರೆಯಲ್ಲಿ ಶುಗರ್ ನೋಡಿಕೊಳ್ಳುವುದರಿಂದ ಉಪಯೋಗ ಇದೆಯಾ ಅಂತ ಕೇಳಿದರೆ, ಇಂಟರ್ಯಾಕ್ಟ್-3 ಅನ್ನುವ ಟ್ರಯಲ್ ಇದೆ. 2023ರಲ್ಲಿ ಫಲಿತಾಂಶ ಬಂತು. 10 ದೇಶಗಳ ಸುಮಾರು 7,000 ರೋಗಿಗಳು, ಭಾರತದವರೂ ಇದ್ದರು. ಬ್ಲೀಡಿಂಗ್ ಆದ ತಕ್ಷಣ ಬಿಪಿಯನ್ನು 140ರ ಕೆಳಗೆ ತರುವುದು, ಜ್ವರ ಇಳಿಸುವುದು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಅದರ ಪರಿಣಾಮ ತೆಗೆಯುವುದು, ಶುಗರ್ ಕಾಯಿಲೆ ಇರುವವರಲ್ಲಿ ಮಟ್ಟವನ್ನು ಸುಮಾರು 140ರಿಂದ 180ರ ಒಳಗೆ ಇಡುವುದು, ಇಷ್ಟನ್ನೂ ಒಟ್ಟಿಗೆ ಮಾಡಿದರು. ಆರು ತಿಂಗಳ ಹೊತ್ತಿಗೆ ಸ್ಥಿತಿ ಉತ್ತಮವಾಗಿತ್ತು. ಇದರಲ್ಲಿ ಶುಗರ್ ಒಂದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಬರಲ್ಲ. ನನಗೆ ಕಾಣುವುದು ಇಷ್ಟು: ಎಲ್ಲವನ್ನೂ ಒಬ್ಬರೇ ಒಟ್ಟಿಗೆ ನೋಡಿದಾಗ ಕೆಲಸ ಆಗುತ್ತೆ. ಡಿಸ್ಚಾರ್ಜ್ ಆದ ದಿನ ಕೈತಪ್ಪುವುದು ಅದೇ. ನ್ಯೂರೋ ಡಾಕ್ಟರ್ ಒಂದು ಕಡೆ, ಶುಗರ್ ಡಾಕ್ಟರ್ ಇನ್ನೊಂದು ಕಡೆ, ಫಿಸಿಯೋಗೆ ಇಬ್ಬರ ಚೀಟಿಯೂ ಕಂಡಿರಲ್ಲ.

ಯಾವುದರಿಂದ ಅಳೆಯೋದು

ದಿನಕ್ಕೆ ಎಷ್ಟು ಹೊತ್ತು ಥೆರಪಿ ಸಿಗುತ್ತೆ ಅನ್ನೋದನ್ನು ಮೊದಲು ಕೇಳಿ. ಬ್ರಿಟನ್ನಿನ ನೈಸ್ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಸ್ಟ್ರೋಕ್ ಆದವರಿಗೆ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ ಕನಿಷ್ಠ 5 ದಿನ ಥೆರಪಿ ಸಿಗಬೇಕು ಅಂತ ಹೇಳಿದೆ. ಫಿಸಿಯೋ, ಕೈಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ, ಸ್ಪೀಚ್ ಎಲ್ಲಾ ಸೇರಿ ಅಷ್ಟು. ನಮ್ಮಲ್ಲಿ ಮನೆಗೆ ಬರುವ ಫಿಸಿಯೋ ಮುಕ್ಕಾಲು ಗಂಟೆ ಇರುತ್ತಾರೆ, ಅದರಲ್ಲಿ ಹತ್ತು ನಿಮಿಷ ಕಾಫಿಗೆ ಹೋಗುತ್ತೆ. ಹಾಗಂತ ಎಲ್ಲರಿಗೂ ಮೂರು ಗಂಟೆ ತಡೆಯುವ ಶಕ್ತಿ ಇರಲ್ಲ. ಇಪ್ಪತ್ತು ನಿಮಿಷಕ್ಕೇ ಸುಸ್ತಾಗಿ ಕಣ್ಣು ಮುಚ್ಚುವವರಿಗೆ ದುಬಾರಿ ಸೆಂಟರ್‌ನ ಮೂರು ಗಂಟೆ ಕೊಂಡರೂ ಉಪಯೋಗ ಇಲ್ಲ.

ಎರಡನೇ ಅಳತೆ, ಶುಗರ್ ಮತ್ತು ಬಿಪಿ ಯಾರು ನೋಡುತ್ತಾರೆ? "ನೋಡ್ಕೋತೀವಿ" ಅನ್ನುವ ಉತ್ತರ ಸಾಲದು. ಯಾರು, ದಿನಕ್ಕೆ ಎಷ್ಟು ಸಲ, ಕಡಿಮೆ ಬಂದರೆ ಏನು ಮಾಡುತ್ತಾರೆ, ರಾತ್ರಿ ಯಾರಿಗೆ ಫೋನ್? ಇದಕ್ಕೆ ನೆಟ್ಟಗೆ ಉತ್ತರ ಬರದ ಜಾಗವನ್ನು ನಾನಂತೂ ಪಟ್ಟಿಯಿಂದ ತೆಗೆದುಬಿಡುತ್ತೇನೆ, ಒಳಗೆ ಎಷ್ಟು ಹೊಳೆಯುವ ಮೆಷಿನ್ ಇದ್ದರೂ ಸರಿ.

ಮೂರನೆಯದು ಮಾತು ಮತ್ತು ನುಂಗುವುದು. ಕೈಕಾಲಿನ ಗಲಾಟೆಯಲ್ಲಿ ಇದು ಮರೆತೇ ಹೋಗುತ್ತೆ. ನಾಲ್ಕನೆಯದು, ಮನೆಯಲ್ಲಿ ಎಷ್ಟು ಕೈಗಳಿವೆ. ಎಪ್ಪತ್ತು ಕೇಜಿ ಇರುವ ಮನುಷ್ಯನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಸ್ವತಃ ಮಂಡಿನೋವಿರುವ ಅಮ್ಮ ಒಬ್ಬರೇ ಇದನ್ನು ಮಾಡಲಾರರು. ಐದನೆಯದು ದುಡ್ಡು. ಅದನ್ನು ತಿಂಗಳಿಗೆ ಎಷ್ಟು ಅಂತ ಕೇಳದೆ, ಎಷ್ಟು ತಿಂಗಳು ತಡೆಯಬಹುದು ಅಂತ ಕೇಳಿಕೊಳ್ಳಿ.

ರೀಹ್ಯಾಬ್ ಸೆಂಟರ್‌ಗೆ ಸೇರಿಸುವುದು

ಒಂದೇ ಸೂರಿನಡಿ ಎಲ್ಲಾ ಇರುತ್ತದೆ ಅನ್ನೋದೇ ಇದರ ಬಲ. ಬೆಳಿಗ್ಗೆ ಫಿಸಿಯೋ, ಮಧ್ಯಾಹ್ನ ಸ್ಪೀಚ್, ರಾತ್ರಿ ನರ್ಸ್. ಮೂಗಿನ ಟ್ಯೂಬ್, ಕ್ಯಾಥೆಟರ್ ಇರುವಾಗ, ಇನ್ಸುಲಿನ್ ಡೋಸ್ ದಿನಾ ಬದಲಾಗುತ್ತಿರುವಾಗ, ಮನೆಯವರಿಗೆ ಇನ್ನೂ ಏನೂ ಗೊತ್ತಿಲ್ಲದಿರುವಾಗ ಇದು ನಿಜಕ್ಕೂ ಉಸಿರು ಬಿಡುವ ಜಾಗ.

ದಿನಕ್ಕೆ ಕೆಲವು ಸಾವಿರ ರೂಪಾಯಿ ಆಗುತ್ತದೆ, ತಿಂಗಳ ಬಿಲ್ಲು ಲಕ್ಷ ದಾಟುವುದು ಅಪರೂಪ ಅಲ್ಲ. ಡಯಾಪರ್, ಔಷಧಿ, ಅಟೆಂಡರ್ ಚಾರ್ಜ್ ಆ ಪ್ಯಾಕೇಜಿನಲ್ಲಿ ಸೇರಿದೆಯಾ ಅಂತ ಬರೆಸಿಕೊಳ್ಳಿ. ಹೆಸರು ಒಂದೇ ಆದರೂ ಎಲ್ಲವೂ ಒಂದೇ ಥರ ಇರಲ್ಲ. ಕೆಲವು ಕಡೆ ಪುನರ್ವಸತಿ ಚಿಕಿತ್ಸೆಯ ತಜ್ಞರು, ಅಂದರೆ ಪಿಎಂಆರ್ ಡಾಕ್ಟರ್, ದಿನಾ ರೌಂಡ್ಸ್ ಬರುತ್ತಾರೆ. ಇನ್ನು ಕೆಲವು ಬರೀ ವೃದ್ಧಾಶ್ರಮಕ್ಕೆ ಎರಡು ಫಿಸಿಯೋ ಬೆಂಚ್ ಸೇರಿಸಿದ ಜಾಗಗಳು. ಕೆಪಿಎಂಇ ನೋಂದಣಿ ಪತ್ರ ಗೋಡೆ ಮೇಲೆ ಇದೆಯಾ ನೋಡಿ, ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾ ಕೇಂದ್ರಗಳಿಗೆ ಅದು ಕಡ್ಡಾಯ. ಆಮೇಲೆ ಒಂದು ಸಲ ಹೇಳದೆ ಕೇಳದೆ ಸಂಜೆ ಹೋಗಿ ಬನ್ನಿ. ಸಂಜೆ ಏಳಕ್ಕೆ ಎಷ್ಟು ಜನ ನರ್ಸ್ ಇದ್ದಾರೆ, ಮಲಗಿರುವವರ ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿದ್ದಾರಾ, ಊಟ ಎಲ್ಲರಿಗೂ ಒಂದೇನಾ ಅಥವಾ ಶುಗರ್ ಇರುವವರಿಗೆ ಬೇರೆಯಾ? ಬ್ರೋಷರ್‌ಗಿಂತ ಇದು ಜಾಸ್ತಿ ಹೇಳುತ್ತೆ.

ನನ್ನ ಲೆಕ್ಕದಲ್ಲಿ ಮಧ್ಯಮ ವರ್ಗದವರು ಇದನ್ನು ಮೂರರಿಂದ ಆರು ವಾರಕ್ಕೆ ಮಾತ್ರ ಯೋಚಿಸಬೇಕು. ಅದೂ ಒಂದು ಷರತ್ತಿನ ಮೇಲೆ: ಆ ವಾರಗಳಲ್ಲಿ ಮನೆಯವರೊಬ್ಬರಿಗೆ ಎಲ್ಲವನ್ನೂ ಕಲಿಸಬೇಕು. ಮಂಚದಿಂದ ಕುರ್ಚಿಗೆ ಹೇಗೆ ಸಾಗಿಸೋದು, ಟ್ಯೂಬ್‌ನಲ್ಲಿ ಹೇಗೆ ಊಟ ಕೊಡೋದು, ಇನ್ಸುಲಿನ್ ಹೇಗೆ ಹಾಕೋದು. ಅದನ್ನು ಕಲಿಸಲು ಒಪ್ಪದ ಸೆಂಟರ್ ನಿಮ್ಮನ್ನು ಅಲ್ಲೇ ಉಳಿಸಿಕೊಳ್ಳಲು ನೋಡುತ್ತಿದೆ ಅಂತ ತಿಳಿಯಿರಿ.

ಸರ್ಕಾರಿ ಮತ್ತು ಬೋಧನಾ ಆಸ್ಪತ್ರೆಗಳು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರೋ ಪುನರ್ವಸತಿಗೇ ಬೇರೆ ವಿಭಾಗ ಇದೆ, ಒಳರೋಗಿಗಳಾಗಿಯೂ ತೆಗೆದುಕೊಳ್ಳುತ್ತಾರೆ. ಅನುಭವದ ಮಟ್ಟಿಗೆ ಇದಕ್ಕೆ ಸಮ ಇರುವ ಜಾಗ ರಾಜ್ಯದಲ್ಲಿ ಕಡಿಮೆ. ಗಡಿ ಜಿಲ್ಲೆಗಳವರು ವೆಲ್ಲೂರಿನ ಸಿಎಂಸಿಗೂ ಹೋಗುತ್ತಾರೆ, ಬಾಗಾಯಂನಲ್ಲಿ ಅವರ ಪುನರ್ವಸತಿ ಸಂಸ್ಥೆ ಇದೆ. ಎರಡರಲ್ಲೂ ಹಾಸಿಗೆಗೆ ಕಾಯಬೇಕಾಗಬಹುದು. ಹಾಗಾಗಿ ಡಿಸ್ಚಾರ್ಜ್ ಆಗುವ ದಿನದವರೆಗೆ ಕಾಯದೆ, ವಾರ್ಡಿಗೆ ಶಿಫ್ಟ್ ಆದ ದಿನವೇ ರೆಫರಲ್ ಚೀಟಿ ಬರೆಸಿಕೊಂಡು ವಿಚಾರಿಸಿ.

ಅಷ್ಟು ದೂರ ಆಗಲ್ಲ ಅನ್ನುವವರಿಗೆ ಹತ್ತಿರದ ಮೆಡಿಕಲ್ ಕಾಲೇಜಿನ ಫಿಸಿಯೋಥೆರಪಿ ವಿಭಾಗ ಇದೆ. ಅದನ್ನು ಜನ ಹಗುರವಾಗಿ ನೋಡುತ್ತಾರೆ, ನನಗೆ ಅದು ಸರಿ ಅನಿಸಲ್ಲ. ವಿದ್ಯಾರ್ಥಿಗಳು ಇರುತ್ತಾರೆ, ಅವರಿಗೆ ಕಲಿಯುವ ಹುಮ್ಮಸ್ಸು ಇರುತ್ತೆ, ಮೇಲಿನವರು ತಿದ್ದುತ್ತಾರೆ, ಖರ್ಚು ತೀರಾ ಕಡಿಮೆ. ಶುಗರ್ ಡಾಕ್ಟರ್ ಅದೇ ಕಟ್ಟಡದಲ್ಲಿ ಸಿಗುತ್ತಾರೆ. 2022ರಲ್ಲಿ ಶುರುವಾದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ನಿಮ್ಹಾನ್ಸ್ ಜೊತೆ ಕೈ ಜೋಡಿಸಿ ನಡೆಯುತ್ತಿವೆ, ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಫಾಲೋಅಪ್‌ಗೆ ಪ್ರತಿ ಸಲ ಬೆಂಗಳೂರಿನ ಬಸ್ಸು ಹತ್ತುವುದು ತಪ್ಪಬಹುದು.

ಕಷ್ಟ ಇರೋದು ಓಡಾಟದಲ್ಲಿ. ವೀಲ್‌ಚೇರಿನಲ್ಲಿ ಕೂರಲು ಆಗದವರನ್ನು ದಿನಾ ಆಟೋದಲ್ಲಿ ಕರೆದುಕೊಂಡು ಹೋಗುವುದು ಹಿಂಸೆ. ಶುಗರ್ ಇರುವವರಿಗೆ ಇನ್ನೊಂದು ತೊಂದರೆ: ಬೆಳಿಗ್ಗೆ ಏಳಕ್ಕೆ ಇನ್ಸುಲಿನ್ ಹಾಕಿ ಹೊರಟರೆ ಓಪಿಡಿ ಕ್ಯೂನಲ್ಲಿ ಹನ್ನೊಂದಾಗುತ್ತೆ. ಡಬ್ಬಿಯಲ್ಲಿ ಇಡ್ಲಿಯೋ ಚಪಾತಿಯೋ, ಜೊತೆಗೆ ಗ್ಲೂಕೋಸ್ ಪುಡಿ ಇಲ್ಲದೆ ಹೊರಡಲೇಬಾರದು. ಕೂರುವ ಶಕ್ತಿ ಬಂದಮೇಲೆ, ಅಂದರೆ ಎರಡನೇ ಹಂತಕ್ಕೆ, ಇದಕ್ಕಿಂತ ಒಳ್ಳೆ ಆಯ್ಕೆ ದುಡ್ಡು ಇರುವವರಿಗೂ ಕಡಿಮೆ.

ಮಾತು ಹೋಗಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಮರೆಯಬೇಡಿ, ಜನ ಆಯಿಷ್ ಅಂತಾರಲ್ಲ ಅದೇ. ಸ್ಪೀಚ್ ಥೆರಪಿ ರೋಗಿಯ ಮನೆಮಾತಿನಲ್ಲೇ ನಡೆಯಬೇಕು. ಹಾಸನದ ರೈತನಿಗೆ ಇಂಗ್ಲಿಷ್ ಚಿತ್ರದ ಕಾರ್ಡು ಹಿಡಿದು "ಆಪಲ್" ಅನ್ನಿಸುವುದರಲ್ಲಿ ಅರ್ಥ ಇಲ್ಲ.

ಮನೆಯಲ್ಲೇ ಫಿಸಿಯೋ, ಹೋಮ್ ನರ್ಸ್

ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಸ್ವಂತ ಮಂಚ, ಸ್ವಂತ ಬಚ್ಚಲು, ಮೊಮ್ಮಕ್ಕಳ ಸದ್ದು. ಮನೆಯ ಹೊಸ್ತಿಲನ್ನೇ ದಾಟಲು ಕಲಿತರೆ ಅದು ನೇರವಾಗಿ ಉಪಯೋಗಕ್ಕೆ ಬರುತ್ತೆ. ಬೇರೆ ದೇಶಗಳ ಅಧ್ಯಯನಗಳಲ್ಲೂ ಸಣ್ಣ ಅಥವಾ ಮಧ್ಯಮ ಮಟ್ಟದ ತೊಂದರೆ ಇರುವವರನ್ನು ಬೇಗ ಮನೆಗೆ ಕಳಿಸಿ, ತಂಡವನ್ನೇ ಮನೆಗೆ ಕಳಿಸಿಕೊಟ್ಟಾಗ ಫಲಿತಾಂಶ ಚೆನ್ನಾಗಿದೆ. ತಂಡ ಅನ್ನೋದನ್ನು ಗಮನಿಸಿ. ನಮಗೆ ಸಿಗುವುದು ಒಬ್ಬ ಫಿಸಿಯೋ.

ಬೆಂಗಳೂರಿನಲ್ಲಿ ಒಂದು ಭೇಟಿಗೆ ಸುಮಾರು 500ರಿಂದ 1000 ರೂಪಾಯಿ ಕೇಳುತ್ತಾರೆ. ತಿಂಗಳಿಗೆ 25 ಭೇಟಿ ಅಂದರೆ 12,500ರಿಂದ 25,000. ಇದಕ್ಕೆ ಹೋಮ್ ನರ್ಸ್ ಸಂಬಳ, ಬಾಡಿಗೆ ಮಂಚ, ಏರ್‌ಬೆಡ್, ಡಯಾಪರ್, ಸ್ಟ್ರಿಪ್ ಎಲ್ಲಾ ಸೇರಿಸಿ. ಆಗ "ಮನೆ ಅಗ್ಗ" ಅನ್ನುವ ಮಾತು ಸ್ವಲ್ಪ ಮಂಕಾಗುತ್ತೆ. ಇನ್ನೊಂದು ವಿಷಯ. ಏಜೆನ್ಸಿಯವರು "ಹೋಮ್ ನರ್ಸ್" ಅಂತ ಕಳಿಸುವವರಲ್ಲಿ ಬಹಳ ಮಂದಿ ಅಟೆಂಡರ್‌ಗಳು, ನರ್ಸಿಂಗ್ ಓದಿದವರಲ್ಲ. ಮೈ ಒರೆಸಲು, ಮಗ್ಗುಲು ಬದಲಿಸಲು ಅವರು ಸಾಕು, ಎಷ್ಟೋ ಸಲ ಓದಿದವರಿಗಿಂತ ಮೃದುವಾಗಿ ಮಾಡುತ್ತಾರೆ. ಆದರೆ ಇನ್ಸುಲಿನ್ ಡೋಸ್ ಅವರ ಮೇಲೆ ಬಿಡಬೇಡಿ.

ನಮ್ಮ ದೊಡ್ಡಪ್ಪನ ವಿಷಯ ಹೇಳುತ್ತೇನೆ. ಬ್ಲೀಡಿಂಗ್ ಆದಮೇಲೆ ಮಾತು ಪೂರ್ತಿ ಹೋಗಿತ್ತು. ಆವತ್ತು ಬೆಳಿಗ್ಗೆ ಫಿಸಿಯೋ ಹುಡುಗ ಎಬ್ಬಿಸಿ ನಿಲ್ಲಿಸುತ್ತಿದ್ದಾನೆ, ಇವರು ಕೈ ಒದರುತ್ತಿದ್ದಾರೆ, ಮುಖ ಸಿಂಡರಿಸುತ್ತಿದ್ದಾರೆ. "ಇವತ್ತು ಹಠ ಜಾಸ್ತಿ" ಅಂದ ಅವನು. ಬನಿಯನ್ನು ಬೆನ್ನಿಗೆ ಅಂಟಿಕೊಂಡಿತ್ತು, ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಹಣೆ ಮೇಲೆ ಬೆವರು ಸಾಲುಗಟ್ಟಿತ್ತು. ದೊಡ್ಡಮ್ಮ ಅದನ್ನು ನೋಡಿ ಬೆರಳು ಚುಚ್ಚಿದರು. ಮೆಷಿನ್‌ನಲ್ಲಿ 58. ಮೂಗಿನ ಟ್ಯೂಬ್ ಹಿಂದಿನ ದಿನ ತೆಗೆದಿದ್ದರು, ಬಾಯಲ್ಲಿ ನಾಲ್ಕು ಚಮಚ ಗಂಜಿ ಮಾತ್ರ ಹೋಗಿತ್ತು, ಇನ್ಸುಲಿನ್ ಮಾತ್ರ ಟ್ಯೂಬ್ ಇದ್ದಾಗ ಹಾಕುತ್ತಿದ್ದಷ್ಟೇ ಹಾಕಿದ್ದರು. ತಲೆ ಸುತ್ತುತ್ತಿದೆ ಅಂತ ಹೇಳಲು ಅವರಿಗೆ ಮಾತು ಇರಲಿಲ್ಲ ಅಷ್ಟೇ.

ಹಾಗಾಗಿ ಮನೆ ಆರಿಸಿಕೊಂಡವರು ಶುಗರ್ ಏರುವುದಕ್ಕಿಂತ ಇಳಿಯುವುದಕ್ಕೆ ಜಾಸ್ತಿ ಹೆದರಬೇಕು. ಊಟ ಕಮ್ಮಿ ಆಗಿದೆ, ಮಾತ್ರೆ ಮಾತ್ರ ಹಳೇ ಡೋಸಿನಲ್ಲೇ ಇದೆ. ಅದರಲ್ಲೂ ಗ್ಲಿಮೆಪಿರೈಡ್ ಇರುವ ಮಾತ್ರೆ, ಇನ್ಸುಲಿನ್ ಇದ್ದರೆ ಡೋಸ್ ಬಗ್ಗೆ ಡಾಕ್ಟರನ್ನು ಮತ್ತೆ ಕೇಳಲೇಬೇಕು. ಟ್ಯೂಬ್ ತೆಗೆದ ದಿನ, ಟ್ಯೂಬ್ ಕಿತ್ತುಕೊಂಡ ದಿನ, ವಾಂತಿ ಆದ ದಿನ, ಈ ಮೂರು ದಿನ ಫೋನ್ ಮಾಡದೆ ಇನ್ಸುಲಿನ್ ಹಾಕಬೇಡಿ. ಫಿಸಿಯೋ ಶುರುವಾಗುವ ಮುಂಚೆ ಒಂದು ಸಲ ಚುಚ್ಚಿ ನೋಡಿ. 70ರ ಕೆಳಗಿದ್ದರೆ ಆವತ್ತಿನ ವ್ಯಾಯಾಮ ನಿಲ್ಲಿಸಿ. ನುಂಗಲು ತೊಂದರೆ ಇಲ್ಲದಿದ್ದರೆ ಮೂರು ಚಮಚ ಗ್ಲೂಕೋಸ್ ನೀರಿನಲ್ಲಿ ಕಲಸಿ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಟ್ಯೂಬ್ ಇದ್ದರೆ ಟ್ಯೂಬ್‌ನಲ್ಲಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಶುಗರ್ ಇಳಿದಾಗ ಒಂದು ಕಡೆ ಕೈಕಾಲು ಬಿದ್ದುಹೋದ ಹಾಗೆ, ಮತ್ತೆ ಸ್ಟ್ರೋಕ್ ಆದ ಹಾಗೆ ಕಾಣಬಹುದು, ಹಾಗಾಗಿ ಚುಚ್ಚಿ ನೋಡುವುದು ಒಳ್ಳೆಯದು. ಆದರೆ ಅದಕ್ಕೋಸ್ಕರ ಆಂಬ್ಯುಲೆನ್ಸ್ ತಡ ಮಾಡಬೇಡಿ.

ವಯಸ್ಸಾದ, ಬೇರೆ ಕಾಯಿಲೆಗಳೂ ಇರುವವರಿಗೆ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 8ರ ಕೆಳಗೆ ಇದ್ದರೆ ಸಾಕು ಅಂತ ಅಮೆರಿಕದ ಡಯಾಬಿಟಿಸ್ ಸಂಘದ ಮಾರ್ಗಸೂಚಿಯೂ ಹೇಳುತ್ತೆ. 6.5ಕ್ಕೆ ತರಬೇಕು ಅಂತ ಹಠ ಹಿಡಿಯಬೇಡಿ. ಬಿಪಿ ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. 130/80ರ ಆಸುಪಾಸಿನಲ್ಲಿ ಇಡುವುದು ಮತ್ತೆ ಬ್ಲೀಡಿಂಗ್ ಆಗದಂತೆ ತಡೆಯಲು ನಮ್ಮ ಕೈಯಲ್ಲಿರುವ ದೊಡ್ಡ ಉಪಾಯ. ಮಾತ್ರೆ ಜನೌಷಧಿ ಕೇಂದ್ರದಲ್ಲಿ ತಗೊಂಡರೆ ತಿಂಗಳ ಖರ್ಚು ಎದ್ದು ಕಾಣುವಷ್ಟು ಇಳಿಯುತ್ತೆ.

ಫಿಸಿಯೋ ಆರಿಸುವಾಗ ಒಂದು ಸಣ್ಣ ಪರೀಕ್ಷೆ. ಸೋತ ಕೈಯನ್ನು ಹಿಡಿದು ಎಳೆದು ಎಬ್ಬಿಸುತ್ತಾರಾ ನೋಡಿ. ಎಳೆದರೆ ಭುಜದ ಕೀಲು ಜಾರುತ್ತೆ, ಆಮೇಲೆ ತಿಂಗಳುಗಟ್ಟಲೆ ನೋವು. ಅಂಥವರನ್ನು ಬದಲಾಯಿಸಿ. ಒಂದು ನೋಟ್‌ಬುಕ್ ಇಟ್ಟು ಶುಗರ್, ಬಿಪಿ, ಊಟ, ಮಾಡಿದ ವ್ಯಾಯಾಮ ಒಂದೇ ಪುಟದಲ್ಲಿ ಬರೆಯಿರಿ, ಫಿಸಿಯೋನೂ ಅದರಲ್ಲೇ ಬರೆಯಲಿ. ಡಾಕ್ಟರ್‌ಗಳು ಬೇರೆ ಬೇರೆ ಇದ್ದರೂ ಪುಟ ಒಂದೇ ಇರುತ್ತೆ.

ಮನೆಯವರೇ ಎಲ್ಲಾ ಮಾಡಿದರೆ?

"ಫಿಸಿಯೋ ಮಾಡೋದನ್ನು ವಿಡಿಯೋ ನೋಡಿ ನಾವೇ ಮಾಡ್ತೀವಿ" ಅನ್ನುವವರು ಬಹಳ. ದುಡ್ಡಿಲ್ಲದೆ ಬೇರೆ ದಾರಿಯೇ ಇಲ್ಲದವರೂ ಇದ್ದಾರೆ. ಇದರ ಬಗ್ಗೆ ನಮ್ಮ ದೇಶದಲ್ಲೇ ಒಂದು ಒಳ್ಳೆ ಅಧ್ಯಯನ ನಡೆದಿದೆ, ಅಟೆಂಡ್ ಅಂತ ಹೆಸರು. 14 ಆಸ್ಪತ್ರೆಗಳು, 1,250 ಸ್ಟ್ರೋಕ್ ರೋಗಿಗಳು. ಅರ್ಧ ಜನರ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ ಕೊಟ್ಟು, ಆಮೇಲೆ ಮನೆಗೂ ಹೋಗಿ ತೋರಿಸಿಕೊಟ್ಟರು. ಉಳಿದವರಿಗೆ ಮಾಮೂಲು ಆರೈಕೆ. 2017ರಲ್ಲಿ ಬಂದ ಫಲಿತಾಂಶ ಸ್ವಲ್ಪ ಬೇಜಾರಿನದ್ದೇ: ಆರು ತಿಂಗಳ ಹೊತ್ತಿಗೆ ತೀರಿಕೊಂಡವರು ಅಥವಾ ಬೇರೆಯವರ ಮೇಲೆ ಅವಲಂಬಿಸಿದವರು ಎರಡೂ ಕಡೆ ಶೇ 47. ವ್ಯತ್ಯಾಸವೇ ಇರಲಿಲ್ಲ.

ಇದನ್ನು ಓದಿ "ಮನೆಯವರು ಮಾಡಿ ಪ್ರಯೋಜನ ಇಲ್ಲ" ಅಂದುಕೊಳ್ಳಬೇಡಿ. ಮಗ್ಗುಲು ಬದಲಿಸುವುದು, ಪಾದ ನೋಡುವುದು, ಸರಿಯಾಗಿ ಕೂರಿಸಿ ಉಣ್ಣಿಸುವುದು ಮನೆಯವರದ್ದೇ ಕೆಲಸ, ಅದು ನಿಂತರೆ ಎಲ್ಲಾ ನಿಂತ ಹಾಗೆ. ಅಧ್ಯಯನದಿಂದ ನನಗೆ ತಿಳಿಯುವುದು, ತಜ್ಞರ ಥೆರಪಿಗೆ ಬದಲಾಗಿ ಇದನ್ನು ಇಡಲು ಬರಲ್ಲ ಅಂತ. ಬೇರೆ ದಾರಿ ಇಲ್ಲದಿದ್ದರೆ ವಾರಕ್ಕೊಮ್ಮೆಯಾದರೂ ಮೆಡಿಕಲ್ ಕಾಲೇಜಿಗೆ ಹೋಗಿ ಆ ವಾರದ ವ್ಯಾಯಾಮ ಬರೆಸಿಕೊಂಡು ಬನ್ನಿ. ಯೂಟ್ಯೂಬಿಗೆ ನಿಮ್ಮ ಅಪ್ಪನ ಬಿಪಿ ಗೊತ್ತಿರಲ್ಲ.

ನುಂಗುವ ವಿಷಯದಲ್ಲಂತೂ ಮನೆ ಪ್ರಯೋಗ ಬೇಡ. ಸ್ಟ್ರೋಕ್ ಆದವರಿಗೆ ನೀರು, ಕಾಫಿಯಂಥ ತೆಳು ಪದಾರ್ಥವೇ ಜಾಸ್ತಿ ಅಪಾಯ, ಶ್ವಾಸಕ್ಕೆ ಹೋಗಿ ನ್ಯುಮೋನಿಯಾ ಆಗುತ್ತೆ. ಪಾಪ ಬಾಯಾರಿದೆ ಅಂತ ಮಲಗಿಸಿಕೊಂಡೇ ಲೋಟ ಹಿಡಿಯುತ್ತೇವೆ ನಾವು. ನುಂಗುವ ಪರೀಕ್ಷೆ ಆಗಿದೆಯಾ ಅಂತ ಡಿಸ್ಚಾರ್ಜ್‌ಗೆ ಮುಂಚೆ ಕೇಳಿ. ಗಟ್ಟಿ ರಾಗಿ ಗಂಜಿ ನುಂಗಲು ಸುಲಭ ಇರಬಹುದು, ಆದರೆ ಅದಕ್ಕೂ ಶುಗರ್ ಏರುತ್ತೆ, ಬಟ್ಟಲುಗಟ್ಟಲೆ ಕೊಡುವ ಪದಾರ್ಥ ಅಲ್ಲ.

ಲಕ್ವದ ಔಷಧಿ, ಎಣ್ಣೆ ಮಾಲೀಷು

ಎಣ್ಣೆ ಹಚ್ಚಿ ಮೈ ತಿಕ್ಕಿಸಿಕೊಂಡರೆ ಹಿತ ಅನಿಸುತ್ತೆ, ಅದಕ್ಕೆ ನಾನು ಬೇಡ ಅನ್ನಲ್ಲ. ಆದರೆ ಎರಡು ಕಾರಣಕ್ಕೆ ಎಚ್ಚರ ಇರಲಿ. ಶುಗರ್‌ನಿಂದ ಪಾದ ಜೋಮು ಹಿಡಿದಿದೆ, ಸ್ಟ್ರೋಕ್‌ನಿಂದ ಅದೇ ಕಾಲಿನ ಸ್ಪರ್ಶ ಹೋಗಿದೆ. ಬಿಸಿ ಎಣ್ಣೆ, ಶಾಖದ ಚೀಲ ಇಟ್ಟರೆ ಸುಟ್ಟಿದ್ದು ಗೊತ್ತಾಗುವುದು ಬೊಬ್ಬೆ ಎದ್ದಮೇಲೆ. ಆ ಗಾಯ ಮಾಯಲು ತಿಂಗಳುಗಳು, ಅಷ್ಟರಲ್ಲಿ ನಡೆಯುವ ಅಭ್ಯಾಸ ನಿಂತಿರುತ್ತೆ. ಎರಡನೆಯದು, ಹೆಸರಿಲ್ಲದ ಪುಡಿ ಕೊಟ್ಟು "ಇಂಗ್ಲಿಷ್ ಮಾತ್ರೆ ನಿಲ್ಲಿಸಿ" ಅನ್ನುವವರು. ಬಿಪಿ ಮಾತ್ರೆ ನಿಲ್ಲಿಸಿದರೆ ಮತ್ತೆ ಬ್ಲೀಡಿಂಗ್. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದರೆ ಶುಗರ್ ಗಗನಕ್ಕೆ. ಡಿಗ್ರಿ ಇರುವ ಆಯುರ್ವೇದ ಡಾಕ್ಟರ್ ಬಳಿ ಹೋಗುವುದಾದರೆ ಎರಡೂ ಕಡೆಯ ಮಾತ್ರೆ ಪಟ್ಟಿ ಇಬ್ಬರಿಗೂ ತೋರಿಸಿ. ಈ ಆಯ್ಕೆ ಥೆರಪಿಯ ಜೊತೆಗೆ ಬೇಕಾದರೆ ಇರಲಿ. ಅದರ ಬದಲಿಗೆ ಬೇಡವೇ ಬೇಡ.

ದುಡ್ಡಿನ ದಾರಿ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಅದು ಆಸ್ಪತ್ರೆ ಚಿಕಿತ್ಸೆಗೆ. ಮನೆಗೆ ಬರುವ ಫಿಸಿಯೋ ಖರ್ಚು ನಿಮ್ಮ ಜೇಬಿಂದಲೇ.

ಖಾಸಗಿ ಇನ್ಶೂರೆನ್ಸ್ ಇದ್ದರೆ ಡಿಸ್ಚಾರ್ಜ್ ನಂತರದ ಖರ್ಚಿನ ಕಲಂ ಓದಿ. ಎಷ್ಟೋ ಪಾಲಿಸಿಗಳಲ್ಲಿ 60 ದಿನ, ಕೆಲವಲ್ಲಿ 90 ಅಥವಾ ಅದಕ್ಕೂ ಜಾಸ್ತಿ ಇರುತ್ತೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಫಿಸಿಯೋ, ಸ್ಪೀಚ್ ಥೆರಪಿ ಬೇಕು ಅಂತ ಡಾಕ್ಟರ್ ಬರೆದಿರಬೇಕು, ಫಿಸಿಯೋ ಕೊಡುವ ಬಿಲ್ಲಿನಲ್ಲಿ ಅವರ ನೋಂದಣಿ ಸಂಖ್ಯೆ ಇದ್ದರೆ ಒಳ್ಳೆಯದು. ಬಾಯಿಮಾತಿನ ಸಲಹೆಗೆ ಕ್ಲೇಮ್ ಸಿಗಲ್ಲ. ಆ ಒಂದು ಸಾಲು ಬರೆಸಿಕೊಳ್ಳದೆ ವಾರ್ಡಿನಿಂದ ಹೊರಡಬೇಡಿ.

ಹಾಗಾದರೆ ಯಾರಿಗೆ ಯಾವುದು

ಟ್ಯೂಬ್ ಇದೆ, ಇನ್ಸುಲಿನ್ ಇನ್ನೂ ಹಿಡಿತಕ್ಕೆ ಬಂದಿಲ್ಲ, ಕೂರಲು ಆಗಲ್ಲ, ಮನೆಯಲ್ಲಿ ವಯಸ್ಸಾದ ಹೆಂಡತಿ ಒಬ್ಬರೇ, ಮಕ್ಕಳು ದೂರ. ಇಂಥವರು ದುಡ್ಡು ಹೊಂದುವುದಾದರೆ ನಾಲ್ಕು ವಾರ ಸೆಂಟರ್, ಇಲ್ಲದಿದ್ದರೆ ನಿಮ್ಹಾನ್ಸ್ ಅಥವಾ ಮೆಡಿಕಲ್ ಕಾಲೇಜಿನಲ್ಲಿ ಒಳರೋಗಿಯಾಗಿ ಇರಿಸಿಕೊಳ್ಳುತ್ತಾರಾ ಅಂತ ಪಟ್ಟು ಹಿಡಿದು ಕೇಳಬೇಕು. ವಿದೇಶದಲ್ಲಿರುವ ಮಕ್ಕಳಿಗೆ ಒಂದು ಮಾತು: ಸೆಂಟರ್ ಬಿಲ್ ಕಟ್ಟುವುದು ಸುಲಭ, ಆದರೆ ನೀವು ರಜೆ ಹಾಕಿ ಬರುವುದಾದರೆ ಅಪ್ಪ ಸೆಂಟರ್‌ನಿಂದ ಮನೆಗೆ ಬರುವ ವಾರ ಬನ್ನಿ. ಐಸಿಯು ಹೊರಗೆ ಕೂರುವುದಕ್ಕಿಂತ ಆವಾಗ ನಿಮ್ಮ ಕೈ ಜಾಸ್ತಿ ಬೇಕು.

ಆಸರೆ ಹಿಡಿದು ಕೂರುತ್ತಾರೆ, ಬಾಯಲ್ಲಿ ಊಟ ಹೋಗುತ್ತಿದೆ, ಶುಗರ್ ಮಾತ್ರೆಯಲ್ಲೇ ಹಿಡಿತದಲ್ಲಿದೆ, ಮನೆಯಲ್ಲಿ ಇಬ್ಬರು ಗಟ್ಟಿ ಜನ ಇದ್ದಾರೆ ಅನ್ನುವವರಿಗೆ ಸೆಂಟರ್ ಬೇಡ. ಮನೆ ಸಾಕು. ಮೊದಲ ಮೂರು ತಿಂಗಳು ಫಿಸಿಯೋ ದಿನಾ ಬರಲಿ, ಆಮೇಲೆ ವಾರಕ್ಕೆ ಎರಡೋ ಮೂರೋ ದಿನ ಮಾಡಿ, ಉಳಿದ ದುಡ್ಡನ್ನು ಸ್ಪೀಚ್‌ಗೆ, ಶುಗರ್ ಇರುವವರ ಪಾದಕ್ಕೆಂದೇ ಮೆತ್ತಗೆ ಮಾಡಿರುವ ಒಳ್ಳೆ ಎಂಸಿಆರ್ ಚಪ್ಪಲಿಗೆ, ಬಚ್ಚಲಲ್ಲಿ ಹಿಡಿಕೆ ಹಾಕಿಸಲು ಇಡಿ.

ತಿಂಗಳಿಗೆ ಐದು ಸಾವಿರ ಹೊಂದಿಸುವುದೂ ಕಷ್ಟ ಅನ್ನುವ ಮನೆಯಲ್ಲಿ ಫಿಸಿಯೋಗಿಂತ ಮುಂಚೆ ಒಂದು ಬಿಪಿ ಮೆಷಿನ್, ಒಂದು ಗ್ಲೂಕೋಮೀಟರ್ ಕೊಳ್ಳಿ. ವಾರಕ್ಕೊಮ್ಮೆ ಸರ್ಕಾರಿ ಆಸ್ಪತ್ರೆಯ ಫಿಸಿಯೋ, ದಿನಾ ಮನೆಯವರ ಕೈಯಲ್ಲಿ ಅದೇ ವ್ಯಾಯಾಮ. ಶುಗರ್, ಬಿಪಿ ಮಾತ್ರೆಗಳು ಪಿಎಚ್‌ಸಿಯಲ್ಲಿ ಉಚಿತವಾಗಿ ಸಿಗುತ್ತವೆ, ಆಶಾ ಕಾರ್ಯಕರ್ತೆಗೆ ಮನೆಯಲ್ಲಿ ಇಂಥ ರೋಗಿ ಇದ್ದಾರೆ ಅಂತ ತಿಳಿಸಿಡಿ. ಮೂರನೇ ತಿಂಗಳಿಗೆ ಒಂದು ಸಲ, ಆರನೇ ತಿಂಗಳಿಗೆ ಒಂದು ಸಲ ದೊಡ್ಡ ಆಸ್ಪತ್ರೆಯ ಪುನರ್ವಸತಿ ವಿಭಾಗದಲ್ಲಿ ತೋರಿಸಿ. ಮೊದಲ ತಿಂಗಳು ಏನೂ ಮಾಡಲಾಗದಿದ್ದ ರೋಗಿ ಆ ಹೊತ್ತಿಗೆ ಕಾಲು ಅಲುಗಿಸುತ್ತಿದ್ದರೆ, ಒಳರೋಗಿಯಾಗಿ ಸೇರಿಸಿಕೊಳ್ಳಿ ಅಂತ ಕೇಳಬೇಕಾದ್ದು ಆಗಲೇ.